ಹೊಳ್ಳಿ ಬರುವ ಗಾಡಿಯ ಲೆಕ್ಕ

ಇದನ್ನು ಹೇಳಬೇಕೆಂದುಕೊಂಡಾಗಲೆಲ್ಲ ಮುಂದೂಡಿದ್ದೇನೆ. ಕೆಲವೊಮ್ಮೆ ಮೊಣಕಾಲು ನೋವಿನ ನೆಪ, ಕೆಲವೊಮ್ಮೆ ಕನ್ನಡಕದ ನೆಪ.

ನಾನು ಬಸವಕಲ್ಯಾಣದಿಂದ ಹುಮನಾಬಾದಿಗೆ ಜೀಪು ಓಡಿಸಿ ಮುದುಕನಾದವನು. ಮನೆಯಲ್ಲಿ ಹತ್ತನೆಯ ತರಗತಿ ಪಾಸಾದವನು ನಾನೊಬ್ಬನೇ, ಆ ಜಂಬವೂ ಇತ್ತು. ಸೊಸೆ ಮದುವೆಗಾಗಿ ಶಾಲೆ ಬಿಟ್ಟವಳು. ನಮ್ಮ ಓಣಿಯ ಅಂಗನವಾಡಿಯಲ್ಲಿ ಜಾಗ ಖಾಲಿಯಾಗುತ್ತದೆಂದು ತಿಳಿದು, ಎರಡು ಮಕ್ಕಳಾದ ಮೇಲೆ ಹತ್ತನೆಯ ಪರೀಕ್ಷೆಗೆ ಕಟ್ಟಿದಳು. ಪಾಸಾದರೆ ಮಾತ್ರ ಅರ್ಜಿ ಹಾಕಬಹುದಿತ್ತು. ಗಣಿತ ಹೇಳಿಕೊಡುವ ಜವಾಬ್ದಾರಿ ನಾನೇ ಮೈಮೇಲೆ ಎಳೆದುಕೊಂಡೆ.

ಒಂದು ಮಧ್ಯಾಹ್ನ ವೇಗದ ಲೆಕ್ಕ ಬಂತು. ಮೂವತ್ತು ಕಿಲೋಮೀಟರ್ ದಾರಿ. ವೇಗ ಗಂಟೆಗೆ ಹತ್ತು ಕಿಲೋಮೀಟರ್ ಹೆಚ್ಚಿಸಿದರೆ ಗಾಡಿ ಕಾಲು ಗಂಟೆ ಮೊದಲು ಮುಟ್ಟುತ್ತದೆ. ಹಾಗಾದರೆ ಮೂಲ ವೇಗವೆಷ್ಟು? ಹೆಚ್ಚುಕಡಿಮೆ ನಮ್ಮ ಹುಮನಾಬಾದಿನ ದಾರಿಯೇ. ಅವಳು ಸರಸರ ಬರೆದು x² + 10x − 1200 = 0 ತನಕ ತಂದಳು. ಉತ್ತರ ಎರಡು ಬಂದವು: ಮೂವತ್ತು, ಮೈನಸ್ ನಲವತ್ತು. ಮೈನಸ್ಸನ್ನು ಅಳಿಸಲು ಹೋದಾಗ ನಾನು ತಡೆದೆ. ಮೂವತ್ತು ಹೋಗುವ ವೇಗ, ಮೈನಸ್ ಎಂದರೆ ತಿರುಗಿ ಬರುವುದು. ಖಾಲಿ ಜೀಪು ಜೋರಾಗಿ ಬರುತ್ತದೆ, ಅದಕ್ಕೇ ನಲವತ್ತು ಎಂದು ವಿವರಿಸಿದೆ.

"ಮಾವಾರ, ಲೆಕ್ಕದಾಗ ಗಾಡಿ ಹೊಳ್ಳಿ ಬರೂದೇ ಇಲ್ಲಲ್ಲರಿ," ಎಂದಳು.

"ಹೋದ ಗಾಡಿ ಹುಮನಾಬಾದದಾಗೇ ನಿಂದರ್ತದೇನವ್ವ? ಅದೇ ದಾರ್ಯಾಗ ಕೂದಲಾ ಬೆಳ್ಳಗ ಮಾಡ್ಕೊಂಡೇನಿ."

ಅವಳು ಮೈನಸ್ ನಲವತ್ತನ್ನು ಹಾಗೇ ಬಿಟ್ಟು ಪುಟ ತಿರುವಿದಳು. ನಾನು ಗೆದ್ದೆ.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಗೇಟಿನ ಹೊರಗೆ ಜೀಪಿನಲ್ಲಿ ಕಾಯುತ್ತಿದ್ದ ನನ್ನ ಕಿವಿಗೆ ಹುಡುಗಿಯರ ಮಾತು ಬಿತ್ತು: ವೇಗ ಮೈನಸ್ ಇರುವುದಿಲ್ಲ, ಅದನ್ನು ಬಿಡಬೇಕು. ಹೋಗುವ ವೇಗ, ಬರುವ ವೇಗ ಎಂದು ಎರಡನ್ನೂ ಬರೆದಿದ್ದವಳು ಸೊಸೆಯೊಬ್ಬಳೇ. ಮನೆ ಮುಟ್ಟುವ ತನಕ ನಾನು ಸುಮ್ಮನೆ ಹಾರ್ನ್ ಒತ್ತುತ್ತಿದ್ದೆ, ರಸ್ತೆಯಲ್ಲಿ ಎಮ್ಮೆ ಕೂಡ ಇರಲಿಲ್ಲ.

ಗಣಿತದಲ್ಲಿ ಸ್ವಲ್ಪದರಲ್ಲೇ ಫೇಲಾದಳು. ಹುಡಗಿ ಊರಿನಿಂದ ಅವಳ ಅಪ್ಪ ಬಂದು ಏನಾಯಿತೆಂದು ಕೇಳಿದಾಗ, ಅವಳಿಗೆ ಓದಿನಲ್ಲಿ ಧ್ಯಾನ ಇರಲಿಲ್ಲ ಬೀಗರೇ ಎಂದುಬಿಟ್ಟೆ. ಚಹಾ ತಂದವಳು ಅದನ್ನು ಕೇಳಿಸಿಕೊಂಡಳು.

"ಹೊಳ್ಳಿ ಬರೂವಾಗ ಗಾಡಿ ಜರಾ ಜೋರಾತ್ರಿ ಅಪ್ಪಾರ, ಅದಕ್ಕ ಬಿದ್ದೆ," ಎಂದಳು.

ಬೀಗರಿಗೆ ತಿಳಿಯಲಿಲ್ಲ, ಆದರೂ ನಕ್ಕರು. ನನ್ನ ಕಪ್ಪಿನಲ್ಲಿ ಸಕ್ಕರೆ ಇರಲಿಲ್ಲ. ಪೂರ್ತಿ ಕುಡಿದೆ.

ಪೂರಕ ಪರೀಕ್ಷೆಯಲ್ಲಿ ಅವಳು ಪಾಸಾದಳು, ನನ್ನ ಹತ್ತಿರ ಒಂದಕ್ಷರವನ್ನೂ ಕೇಳದೆ. ಅಷ್ಟರಲ್ಲಿ ಅಂಗನವಾಡಿಯ ಜಾಗ ಬೇರೆಯವರಿಗೆ ಹೋಗಿತ್ತು. ಮುಂದಿನ ಸಲ ಅರ್ಜಿ ಕರೆಯಲೆಂದು ಈಗಲೂ ಕಾಯುತ್ತಿದ್ದಾಳೆ. ದಿನಾ ನನಗೆ ಊಟ ಬಡಿಸುತ್ತಾಳೆ. ತಪ್ಪು ನನ್ನದವ್ವ ಎನ್ನಲು ಬಾಯಿ ತೆರೆಯುತ್ತೇನೆ, ಇನ್ನೊಂದು ರೊಟ್ಟಿ ಬೇಕೆಂದು ತಿಳಿದು ಹಾಕುತ್ತಾಳೆ. ಅದನ್ನೂ ತಿಂದು ಏಳುತ್ತೇನೆ. ನಾನು ಕ್ಷಮೆ ಕೇಳದೆ ಬಾಕಿ ಉಳಿಸಿಕೊಂಡಿರುವುದು ಅವಳ ಹತ್ತಿರವೇ, ನನ್ನ ಸೊಸೆಯ ಹತ್ತಿರ.