ಎಂಟರ ತಟ್ಟೆಯಲ್ಲಿ ಹತ್ತು ತುಂಡು

ತಟ್ಟೆಯಲ್ಲಿ ಹತ್ತು ತುಂಡುಗಳಿದ್ದವು. ಮೆನುವಿನಲ್ಲಿ ಎಂಟು ಎಂದಿತ್ತು.

ಎರಡು ಸಲ ಎಣಿಸಿದೆ. ಎಂಟು ಸಾಲಾಗಿ, ಒಂದೇ ಎತ್ತರದಲ್ಲಿ ನಿಂತಿದ್ದವು. ಉಳಿದೆರಡು ಅಂಚಿನಲ್ಲಿ, ಸ್ವಲ್ಪ ಸೊಟ್ಟಗೆ. ಒಂದರ ಬದಿಯಿಂದ ಸೌತೆಕಾಯಿಯ ಎಳೆ ಹೊರಗೆ ಇಣುಕುತ್ತಿತ್ತು.

ಊಟದ ತಟ್ಟೆಯನ್ನು ಯಾರಾದರೂ ಎಣಿಸುತ್ತಾರೆಯೇ? ನಾನು ಎಣಿಸುತ್ತೇನೆ. ಔಷಧ ಕಂಪನಿಯ ಲ್ಯಾಬ್‌ನಲ್ಲಿ ನನ್ನ ಕೆಲಸವೇ ಮಾತ್ರೆಗಳನ್ನು ತೂಗಿ ಅಂಕಿ ಬರೆಯುವುದು. ಅಲ್ಲಿ ತಪ್ಪು ಅಂಕಿಯನ್ನು ಅಳಿಸುವಂತಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ಹಳೆಯ ಅಂಕಿ ಕೆಳಗೆ ಕಾಣುತ್ತಿರಬೇಕು. ಪಕ್ಕದಲ್ಲಿ ಹೊಸ ಅಂಕಿ, ಸಹಿ, ಕಾರಣ. ಐದು ವರ್ಷ ಹೀಗೆ ಕಳೆದವಳು ಸುಶಿ ತಿನ್ನಲು ಹೋದರೂ ಬ್ಯಾಗಿನಲ್ಲಿ ನೋಟ್‌ಬುಕ್ ಒಯ್ಯುತ್ತಾಳೆ.

(ಹುಳಿ ಬೆರೆಸಿದ ತಣ್ಣನೆಯ ಅನ್ನವನ್ನು ಕಡಲಪಾಚಿಯ ಹಾಳೆಯಲ್ಲಿ ಸುರುಳಿ ಸುತ್ತಿ ಕತ್ತರಿಸಿದರೆ ಸುಶಿ ರೋಲ್. ನನ್ನದರಲ್ಲಿ ಸೌತೆಕಾಯಿಯ ಜೊತೆ ಇನ್ನೇನಿತ್ತು ಎಂದು ಹೇಳುವುದಿಲ್ಲ. ಅಮ್ಮ ಈ ಅಂಕಣ ಓದುತ್ತಾಳೆ.)

ಆ ತಿಂಗಳು ಹೈದರಾಬಾದಿನ ಮೂರು ಸುಶಿ ಹೋಟೆಲುಗಳನ್ನು ಹೋಲಿಸುವ ಹುಚ್ಚು ಹಿಡಿದಿತ್ತು. ಮೊದಲನೆಯದು ಜುಬಿಲಿ ಹಿಲ್ಸ್‌ನಲ್ಲಿ. ಬಿಸಿ ಟವೆಲ್, ಮಂದ ಬೆಳಕು, ಆರೇ ಆರು ತುಂಡು. ರುಚಿ ನಿಜಕ್ಕೂ ಚೆನ್ನ. ಆದರೆ 'ಎಲ್ಲ ಸರಿಯಾಗಿದೆಯೇ ಮೇಡಂ' ಎಂದು ನಾಲ್ಕು ಸಲ ಕೇಳಿದರು. ನಾಲ್ಕನೆಯ ಸಲ ನನಗೇ ಅನುಮಾನ ಬಂತು. ಎರಡನೆಯದು ನನ್ನ ಮನೆಯ ಹತ್ತಿರ, ಮಿಯಾಪುರದ ಕಡೆಯ ಮಾಲ್ ಒಂದರಲ್ಲಿ. ತುಂಡು ಎಂಟು, ಗಾತ್ರ ದೊಡ್ಡದು, ಅನ್ನ ಮಾತ್ರ ಮುದ್ದೆ. ಆರ್ಡರ್ ತೆಗೆದುಕೊಂಡದ್ದು ಒಂದು ಸ್ಕ್ರೀನ್. ಮಾತು ಕಡಿಮೆಯಿರುವ ನನ್ನಂಥವಳಿಗೆ ಅದು ಸ್ವರ್ಗವಾಗಬೇಕಿತ್ತು. ಆಗಲಿಲ್ಲ.

ಮೂರನೆಯದು ಸಿಕಂದರಾಬಾದ್ ಸ್ಟೇಷನ್ನಿನಿಂದ ಸ್ವಲ್ಪ ದೂರ, ಆರು ಟೇಬಲ್ಲಿನ ಸಣ್ಣ ಜಾಗ. ಅಪ್ಪ ರೈಲ್ವೆಯವರು, ಅಪ್ಪ-ಅಮ್ಮನ ಮನೆ ಮಲ್ಕಾಜ್‌ಗಿರಿಯಲ್ಲಿ. ಶನಿವಾರ ಅಲ್ಲಿಗೆ ಹೋಗುವ ದಾರಿಯಲ್ಲೇ ನುಗ್ಗಿದೆ. ಆರ್ಡರ್ ಕೊಟ್ಟು ಕೂತಿದ್ದಾಗ ಅಮ್ಮನ ಫೋನ್. ಅವಳ ದನಿಗೆ ಸ್ಪೀಕರ್ ಬೇಡ.

"ಎಲ್ಲಿದ್ದೀ? ರೊಟ್ಟಿ ಬಡಿಯಾಕತ್ತೀನಿ."

"ಬಂದೆ ಅವ್ವಾ. ನನಗ ಎರಡ ಸಾಕು."

"ಎರಡಂತ! ಬಂದು ಕುಂತು ಉಣ್ಣು. ರೊಟ್ಟಿ ಎಣಿಸಬಾರದು ಅಂತ ಎಷ್ಟ್ ಸಲ ಹೇಳೀನಿ?"

ಫೋನ್ ಇಟ್ಟಾಗ ಬಡಿಸುವ ಹೆಂಗಸು ನೀರಿನ ಜಗ್ ಹಿಡಿದು ನಗುತ್ತಿದ್ದಳು. "ಕನ್ನಡದವ್ರೇನ್ರಿ? ನಾವು ಸೇಡಂ ಕಡಿಯವ್ರು." ಮೂವತ್ತೈದರ ಆಸುಪಾಸು. ಗಂಡನಿಗೆ ಗಾರೆ ಕೆಲಸ. ಅವಳನ್ನು ಮಹಾದೇವಿ ಎಂದು ಕರೆಯುತ್ತೇನೆ. (ಅದು ಅವಳ ಹೆಸರಲ್ಲ. ಬರೆಯಲೇ ಎಂದು ಅವಳನ್ನು ಕೇಳಿದ್ದೇನೆ. ಅವಳ ಮ್ಯಾನೇಜರ್‌ಗೆ ಕನ್ನಡ ಬಾರದು ಎಂಬುದನ್ನೂ ಎರಡು ಸಲ ಖಚಿತಪಡಿಸಿಕೊಂಡಿದ್ದೇನೆ.)

ಅವಳು ತಂದಿಟ್ಟ ತಟ್ಟೆಯಲ್ಲೇ ಆ ಹತ್ತು ತುಂಡುಗಳಿದ್ದವು. ನಾನು ತಲೆಯೆತ್ತಿದೆ. "ಸುಮ್ ತಿನ್ರಿ," ಎಂದು ಹೋದಳು. ನೋಟ್‌ಬುಕ್ಕಿನಲ್ಲಿ ಹತ್ತು ಎಂದು ಬರೆದುಕೊಂಡು ತಿಂದೆ.

ಭಾನುವಾರ ಆನ್‌ಲೈನ್‌ನಲ್ಲಿ ಮೂರೂ ಹೋಟೆಲಿನ ವಿಮರ್ಶೆ ಹಾಕಿದೆ. ಇಂಗ್ಲಿಷಿನಲ್ಲಿ, ಬೇರೆ ಹೆಸರಿನಲ್ಲಿ. ಮೂರನೆಯದಕ್ಕೆ ಐದು ನಕ್ಷತ್ರ. 'ಪ್ರಮಾಣ: ಎಂಟರ ಬದಲು ಹತ್ತು ತುಂಡು! ಸೇವೆ: ಕೇಳದೆಯೇ ಎರಡು ಹೆಚ್ಚು ಬಡಿಸಿದರು.' ಅವಳ ಹೆಸರು ಬರೆಯಲಿಲ್ಲ, ಅದೊಂದು ಪುಣ್ಯ. ಅವಳಿಗೆ ಒಳ್ಳೆಯದಾಗಲಿ ಎಂದೇ ಬರೆದೆ.

ದೂರು ಬರೆಯುವಾಗ ನಾವೆಲ್ಲ ನಾಲ್ಕು ಸಲ ಯೋಚಿಸುತ್ತೇವೆ, ಪಾಪ, ಯಾರದೋ ಹೊಟ್ಟೆಪಾಡು ಎಂದು. ಹೊಗಳುವಾಗ ಯಾರು ಯೋಚಿಸುತ್ತಾರೆ?

ಮಂಗಳವಾರ ಮಧ್ಯಾಹ್ನ ಹೋಟೆಲಿನ ಉತ್ತರ ಬಂತು. 'ಮೆಚ್ಚುಗೆಗೆ ಧನ್ಯವಾದ. ಆದರೆ ನಮ್ಮಲ್ಲಿ ಒಂದು ರೋಲ್‌ಗೆ ಎಂಟೇ ತುಂಡು. ನೀವು ಬಂದ ದಿನ ಮತ್ತು ಟೇಬಲ್ ನಂಬರ್ ತಿಳಿಸಿದರೆ ವಿಚಾರಿಸುತ್ತೇವೆ.' ಕೊನೆಯಲ್ಲೊಂದು ನಗುವ ಮುಖ. ಆ ನಗುವ ಮುಖ ನೋಡಿ ಉತ್ತರವನ್ನು ಇನ್ನೊಮ್ಮೆ ಓದಿದೆ.

ಯಾರನ್ನು ವಿಚಾರಿಸುತ್ತಾರೆ? ಶನಿವಾರ ಬಡಿಸುತ್ತಿದ್ದವರು ಇಬ್ಬರೇ. ವಿಮರ್ಶೆಯನ್ನು ಅಳಿಸಿಬಿಡಲೇ? ಅಳಿಸಿದರೆ ಏನೋ ಇದೆ ಎಂದು ನಾನೇ ಸಾರಿದಂತೆ. ಸುಮ್ಮನಿರಲೇ? ಸುಮ್ಮನಿದ್ದರೆ ಅವರು ಸುಮ್ಮನಿರುತ್ತಾರೆಯೇ? ಆ ಮಧ್ಯಾಹ್ನ ಒಂದೇ ಮಾತ್ರೆಯನ್ನು ಮೂರು ಸಲ ತೂಗಿದೆ. ಅಂಕಿ ಮೂರು ಸಲವೂ ಒಂದೇ ಇತ್ತು. ನನಗೆ ನಂಬಿಕೆ ಬರಲಿಲ್ಲ.

ಸಂಜೆ ಸಿಕಂದರಾಬಾದಿಗೆ ಹೋದೆ. ಹೋಗಿ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅದೇ ಟೇಬಲ್‌ನಲ್ಲಿ ಕೂರುವ ಧೈರ್ಯವೂ ಇರಲಿಲ್ಲ, ಮೂಲೆಯದನ್ನು ಹಿಡಿದೆ. ಅಡುಗೆಮನೆಯ ಕಿಂಡಿಯ ಬಳಿ ಮ್ಯಾನೇಜರ್ ನಿಂತಿದ್ದರು. ಹೊರಬರುವ ಪ್ರತಿ ತಟ್ಟೆಯ ಮೇಲೆ ಬೆರಳಾಡಿಸಿ ಹಿಂದಿಯಲ್ಲಿ ಎಣಿಸುತ್ತಿದ್ದರು. "ಛೇ, ಸಾತ್, ಆಠ್. ಜಾನೇ ದೋ."

ನನ್ನ ಕೆಲಸವನ್ನು ಅವರು ಮಾಡುತ್ತಿದ್ದರು.

ಮಹಾದೇವಿ ಮೆನು ತಂದಳು. "ಮತ್ತ ಬಂದ್ರಿ? ರುಚಿ ಹತ್ತಿತೇನು?"

ದನಿ ತಗ್ಗಿಸಿ ಹೇಳಿದೆ. "ಆನ್‌ಲೈನ್‌ನಾಗ ಹತ್ತು ತುಂಡು ಅಂತ ಬರದಾಕಿ ನಾನರಿ."

ಅವಳ ಮುಖ ಬದಲಾಗಲಿಲ್ಲ. ಮೆನು ಬಿಚ್ಚಿ, ತಿನಿಸು ವಿವರಿಸುವವಳಂತೆ ಬೆರಳಿಟ್ಟಳು. ಬೆರಳ ತುದಿಗಳಲ್ಲಿ ಸೋಪಿನ ನೀರಿಗೆ ಬಿಟ್ಟ ಬಿರುಕುಗಳಿನ್ನೂ ಮಾಸಿರಲಿಲ್ಲ.

"ಚಲೋನ ಬರದೀರಂತ. ಅದ ಗಂಟಾಗೈತಿ ನೋಡ್ರಿ. ಯಾರ್ ಇಟ್ರು ಅಂತ ಕೇಳಾಕತ್ತಾರ. ನಾ ಬಾಯಿ ಬಿಟ್ಟಿಲ್ಲ. ಗೊತ್ತಾದ್ರ ಮತ್ತ ಹಿಂದ ಭಾಂಡಿ ತಿಕ್ಕಾಕ ಕಳಸ್ತಾರ್ರಿ. ಎರಡ ವರ್ಷ ತಿಕ್ಕೀನಿ. ಹೊರಗ ಬಂದು ಒಂದ ತಿಂಗಳಾತು."

"ಆ ಎರಡು ತುಂಡು ಎಲ್ಲಿಂದ ತಂದ್ರಿ?"

"ರೋಲ್ ಕೊಯ್ದಾಗ ಎರಡೂ ತುದಿ ಸೊಟ್ಟ ಬರ್ತಾವ. ಗಿರಾಕಿಗೆ ಇಡಂಗಿಲ್ಲ. ತೆಗದು ಇಡ್ತಾರ, ಮಧ್ಯಾನ ನಮ್ಮ ಊಟದಾಗ ಬರ್ತಾವ. ನನ್ನ ಪಾಲಿನವು ನಾ ನಿಮಗ ಇಟ್ಟೆ. ಕಳವು ಅಲ್ರಿ."

"ಹಂಗಂತ ಅವರಿಗೆ ಹೇಳಬಹುದಲ್ರಿ?"

"ಗಿರಾಕಿ ತಾಟಿಗೆ ಸೊಟ್ಟ ತುಂಡು ಇಟ್ಟಿ ಅಂತ ಅದೊಂದು ತಪ್ಪಾಗ್ತದ. ಸಿಟ್ಟಿಗೆದ್ದು ಎಲ್ಲಾರ ಊಟದಾಗಿನವೂ ಬಂದ್ ಮಾಡಿದ್ರ ಇನ್ನೊಂದು. ಕೂಡ ಕೆಲಸ ಮಾಡೋ ಮಂದಿ ನನ್ನ ಬಿಡ್ತಾರೇನ್ರಿ?"

ನಾನು ಮೆನು ನೋಡುತ್ತಿದ್ದೆ.

"ನಿಮ್ಮವ್ವ ರೊಟ್ಟಿ ಎಣಿಸಬ್ಯಾಡ ಅಂದದ್ದು ಕೇಳಿಸ್ತು," ಎಂದಳು. "ನನಗ ನಮ್ಮವ್ವನ ನೆಪ್ಪಾತು. ಅದಕ್ಕ ಇಟ್ಟೆ." ಆಮೇಲೆ ಇಷ್ಟೇ ಇಷ್ಟು ನಕ್ಕಳು. "ನೀವು ನೋಡಿದ್ರ ಎಣಿಸೇ ಬಿಟ್ರಿ!"

"ಮಹಾದೇವಿ! ಆರ್ಡರ್ ಲಿಯಾ ಕ್ಯಾ?" ಕಿಂಡಿಯಿಂದ ಕೂಗು.

"ಹಾಂ ಸರ್, ಲೇ ರಹೀ ಹೂಂ."

ಏನೋ ಒಂದನ್ನು ತೋರಿಸಿದೆ. ಎಂಟು ತುಂಡು ಬಂತು. ಎಂಟೂ ನೆಟ್ಟಗಿದ್ದವು. ಒಂದೊಂದನ್ನೂ ನೀರು ಕುಡಿದು ನುಂಗಿದೆ.

ನಿಖರವಾಗಿರುವುದು ಒಳ್ಳೆಯ ಗುಣವೆಂದು ನನಗೆ ಶಾಲೆಯಿಂದಲೂ ಹೇಳಿಕೊಟ್ಟಿದ್ದಾರೆ. ಯಾರ ಮುಂದೆ ನಿಖರವಾಗಿರಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ನಾನು ನಕ್ಷತ್ರ ಕೊಟ್ಟದ್ದು ಅವಳಿಗೆ. ಓದಿದ್ದು ಅವಳಿಗೆ ಸಂಬಳ ಕೊಡುವವರು. ನೀವೂ ಈ ವಾರ ಯಾರಿಗಾದರೂ ಹೀಗೆ ಐದು ನಕ್ಷತ್ರ ಕೊಟ್ಟಿರಬಹುದು. ನಿಯಮ ಮೀರಿ ಮೂರು ಮಹಡಿ ಹತ್ತಿ ಬಂದು ಪಾರ್ಸೆಲ್ ಕೊಟ್ಟವರಿಗೆ? ಸರದಿ ತಪ್ಪಿಸಿ ನಿಮ್ಮನ್ನು ಒಳಗೆ ಬಿಟ್ಟ ನರ್ಸ್‌ಗೆ? ಏನು ಬರೆದಿದ್ದೀರಿ, ಇನ್ನೊಮ್ಮೆ ಓದಿ ನೋಡಿ.

ಬುಧವಾರ ಬೆಳಿಗ್ಗೆ, ಮೆಟ್ರೋ ಹತ್ತುವ ಮೊದಲು, ಫೋನ್ ತೆಗೆದೆ. ಹೆಚ್ಚು ಬಡಿಸಿದರು ಎಂಬ ಸಾಲನ್ನು ತೆಗೆದುಹಾಕಿದೆ. 'ಪ್ರಮಾಣ: ಎಂಟು ತುಂಡು. ಹತ್ತು ಎಂದದ್ದು ನನ್ನ ಎಣಿಕೆಯ ತಪ್ಪು, ಕ್ಷಮಿಸಿ' ಎಂದು ಬರೆದೆ. ಐದು ವರ್ಷಗಳಲ್ಲಿ ಗೊತ್ತಿದ್ದೂ ನಾನು ಬರೆದ ಮೊದಲ ತಪ್ಪು ಅಂಕಿ. ಒಂದು ಒತ್ತಿಗೆ ಹತ್ತು ಮಾಯವಾಯಿತು, ಕೆಳಗೆ ಗುರುತೂ ಉಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಹೋಟೆಲಿನಿಂದ ಮತ್ತದೇ ನಗುವ ಮುಖ ಬಂತು. ನಂಬಿದರೋ ಇಲ್ಲವೋ ನನಗೆ ತಿಳಿಯದು.

ಆಮೇಲೆ ನೋಟ್‌ಬುಕ್ ತೆಗೆದೆ. ಹತ್ತರ ಮೇಲೆ ಒಂದೇ ಗೆರೆ ಎಳೆದೆ, ಅಂಕಿ ಕೆಳಗೆ ಕಾಣುವಂತೆ. ಪಕ್ಕದಲ್ಲಿ ಎಂಟು. ಸಹಿ. ಕಾರಣ ಬರೆಯದೆ ತಿದ್ದುವಂತಿಲ್ಲವಲ್ಲ, ಅದನ್ನೂ ಬರೆದೆ: 'ಎರಡು, ಅವಳ ಊಟದವು.'