ಅಸ್ತರಿನೊಳಗಿನ ಐವತ್ತು ನೋಟು

ಊರಿಗೆಲ್ಲ ಅವಳು ಕಾಜಕ್ಕ. ಅಂಗಿಯಲ್ಲಿ ಗುಂಡಿ ತೂರಿಸುವ ಸೀಳಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಮೂವತ್ತೊಂದು ವರ್ಷ ಅದನ್ನೇ ಕೈಯಲ್ಲಿ ಹೊಲಿದವಳಿಗೆ ಬೇರೆ ಹೆಸರು ಯಾಕೆ? ಅಪ್ಪ ಅಮ್ಮ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಹಾಯಾಗಿತ್ತು. ಯಾರಾದರೂ ಅದನ್ನು ಕೂಗಿದರೆ ಅವಳೇ ಹಿಂದೆ ತಿರುಗಿ, ಕರೆದದ್ದು ಯಾರನ್ನು ಎಂದು ನೋಡುತ್ತಿದ್ದಳು.

ಹಿಟ್ಟಿನ ಗಿರಣಿಯ ಪಕ್ಕದ ಹತ್ತಡಿ ಕೋಣೆಯೇ ಅಂಗಡಿ. ಕಿಟಕಿಯ ಕಡೆಗೆ ಅವಳ ಹೊಲಿಗೆ ಯಂತ್ರ, ಬಾಗಿಲ ಕಡೆಗೆ ಗಂಡನ ಗಡಿಯಾರ ರಿಪೇರಿಯ ಮೇಜು. ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತನೆಂದರೆ ಊಟಕ್ಕೆ ಕರೆದಾಗಲೇ ಬಾಯಿ ಬಿಡುವ ಆಸಾಮಿ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು.

ಅಂಥವಳು ಒಂದೇ ಒಂದು ಮಾತನ್ನು ಎಂಟು ತಿಂಗಳಿಂದ ನುಂಗಿಕೊಂಡಿದ್ದಳು. ಅವಳಿಗೆ ಕಣ್ಣು ಮಂಜಾಗುತ್ತಿತ್ತು. ದೂರದ್ದು ಕಾಣುತ್ತಿತ್ತು, ಗಿರಾಕಿ ಕೊಡಬೇಕಾದ ಬಾಕಿಯಂತೂ ಬಹಳ ಚೆನ್ನಾಗಿ ಕಾಣುತ್ತಿತ್ತು. ಬಟ್ಟೆಯ ಬಣ್ಣದ್ದೇ ನೂಲು ಬಟ್ಟೆಯ ಮೇಲೆ ಬಿದ್ದರೆ ಮಾತ್ರ ಮಾಯ. ಕಣ್ಣಿನ ಡಾಕ್ಟರು ದಪ್ಪ ಕನ್ನಡಕ ಬರೆದುಕೊಟ್ಟು, "ಇದು ಇನ್ನು ಸುಧಾರಿಸೋದು ಕಷ್ಟ ಅಮ್ಮ, ಸೂಕ್ಷ್ಮ ಕೆಲಸ ಬಿಟ್ಟುಬಿಡಿ" ಎಂದಿದ್ದರು. ಅವಳು ಕನ್ನಡಕ ಮಾಡಿಸಿಕೊಂಡು, ವಯಸ್ಸಾಯಿತಲ್ಲ ಎಂದು ಎಲ್ಲರಿಗೂ ಹೇಳಿ, ಆ ಚೀಟಿಯನ್ನು ದಾರದುಂಡೆಗಳ ಡಬ್ಬಿಯ ತಳಕ್ಕೆ ತುರುಕಿದಳು. ಗಂಡನ ಕಿವಿಗೆ ಬಿದ್ದರೆ "ಸಾಕು, ಅಂಗಡಿ ಮುಚ್ಚು" ಎಂದುಬಿಡುತ್ತಾನೆ. ಮನೆಯಲ್ಲಿ ಸುಮ್ಮನೆ ಕೂರುವುದನ್ನು ನೆನೆಸಿಕೊಂಡರೇ ಅವಳಿಗೆ ಉಸಿರು ಕಟ್ಟುತ್ತಿತ್ತು.

ಬರುವ ತಿಂಗಳಿಗೆ ಶಾಲೆಯವರ ಆರುನೂರು ಅಂಗಿ ಒಪ್ಪಿಕೊಂಡಾಗಿತ್ತು. ಅಂಗಿಗೆ ಏಳು ಕಾಜಾ. ಕಾಜಾ ಹಾಕುವ ಯಂತ್ರ ಬಂದರೆ ಅಂಗಡಿ ಉಳಿಯಿತು, ಇಲ್ಲದಿದ್ದರೆ ಇಲ್ಲ. ಹೊಸದರ ಬೆಲೆ ಕೇಳಿಯೇ ಎದೆ ಧಸಕ್ಕೆಂದಿತ್ತು. ಆಗ ಗುಂಡಿ ಮಾರುವ ವ್ಯಾಪಾರಿ ಸುದ್ದಿ ತಂದ: ಪಕ್ಕದ ದೇಶದ ಪಟ್ಟಣದಲ್ಲಿ ಒಬ್ಬ ಮುದುಕ ದರ್ಜಿ ಅಂಗಡಿ ಮುಚ್ಚಿ ಮಗಳ ಮನೆಗೆ ಹೊರಟಿದ್ದಾನೆ, ಯಂತ್ರ ಅಗ್ಗಕ್ಕೆ ಕೊಡುತ್ತಾನೆ. ಭಾನುವಾರ ಸಂಜೆ ಆರರವರೆಗೆ ಕಾಯುತ್ತಾನೆ, ಆಮೇಲೆ ಎಲ್ಲವೂ ಗುಜರಿಗೆ. ಹಣ ಮಾತ್ರ ಕೈಗೇ ಬೇಕು, ಅದೂ ಅವರ ದೇಶದ್ದು.

ಜೊತೆಗೆ ಹೊರಟವಳು ನಾದಿನಿ, ಅಂದರೆ ಗಂಡನ ತಂಗಿ. ವಿಮಾ ಕಚೇರಿಯ ಗುಮಾಸ್ತೆ. ಅವಳ ಕೈಚೀಲದಲ್ಲಿ ಎರಡು ಕಾರ್ಡು, ಫೋನಿನಲ್ಲಿ ಮೂರು ಬಗೆಯ ಪಾವತಿ. "ಈ ಕಾಲದಲ್ಲಿ ಯಾರು ಅತ್ತಿಗೆ ದುಡ್ಡು ಹೊತ್ಕೊಂಡು ಹೋಗ್ತಾರೆ?" ಎಂದು ಅವಳು ನಕ್ಕಳು.

"ಹೊತ್ಕೊಂಡು ಹೋಗಲ್ಲ ಕಣೇ, ತೊಟ್ಕೊಂಡು ಹೋಗ್ತೀನಿ," ಎಂದಳು ಕಾಜಕ್ಕ.

ಹಾಗೇ ಮಾಡಿದಳು. ಒಳಗೆ ತೊಡುವ ತೋಳಿಲ್ಲದ ಅಂಗಿಯೊಂದಕ್ಕೆ ಅಸ್ತರು ಕೊಟ್ಟು, ಬಟ್ಟೆಗೂ ಅಸ್ತರಿಗೂ ನಡುವೆ ಐವತ್ತು ದೊಡ್ಡ ನೋಟುಗಳನ್ನು ಐದು ಸಾಲಾಗಿ ಇಟ್ಟು, ಸುತ್ತ ಕಣ್ಣಿಗೆ ಬೀಳದ ಹೊಲಿಗೆ ಹಾಕಿದಳು. ಗಡಿಯಲ್ಲಿ ತಪಾಸಣೆಯವರು ಅವಳನ್ನೊಮ್ಮೆ, ಅವಳ ಬುತ್ತಿಯ ಡಬ್ಬಿಯನ್ನೊಮ್ಮೆ ನೋಡಿ ಬಿಟ್ಟರು. ಪಕ್ಕದಲ್ಲೇ ನೋಟು ಬದಲಿಸುವ ಕಿಟಕಿಯಿತ್ತು. ಆದರೆ ನಾಲ್ಕು ಜನರೆದುರು ಒಳಅಂಗಿ ಕಳಚುವುದುಂಟೇ? ಪರ್ಸಿನಲ್ಲಿದ್ದ ಖರ್ಚಿನ ಹಣವನ್ನಷ್ಟೇ ಬದಲಿಸಿಕೊಂಡು ಬಸ್ಸು ಹತ್ತಿದರು.

ಶನಿವಾರ ಸಂಜೆ ಪಟ್ಟಣ ತಲುಪುವ ಹೊತ್ತಿಗೆ ನಾದಿನಿಯ ಜಂಬ ಅರ್ಧ ಇಳಿದಿತ್ತು. ಚಹಾದಂಗಡಿಯಲ್ಲಿ ಹಣ ಕೊಡಲು ಅಂಟಿಸಿದ್ದ ಕ್ಯುಆರ್ ಚೌಕುಳಿಗೆ ಅವಳು ಫೋನು ಹಿಡಿದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಎಟಿಎಂ ಮೊದಲ ಕಾರ್ಡನ್ನು ಉಗುಳಿತು, ಎರಡನೆಯದನ್ನು ಇನ್ನೂ ಬೇಗ ಉಗುಳಿತು. ಹೊರದೇಶದಲ್ಲಿ ನಡೆಯುವಂತೆ ಮಾಡಿಕೊಡಿ ಎಂದು ಬ್ಯಾಂಕಿನಲ್ಲಿ ಮೊದಲೇ ಹೇಳಿ ಬರಬೇಕಿತ್ತಂತೆ. ಈಗ ಕೇಳೋಣವೆಂದರೆ ಅಲ್ಲಿ ರಜೆ, ಫೋನು ಎತ್ತುವವರಿಲ್ಲ. ಚಹಾದ ಹಣ ಕೊಟ್ಟವಳು ಕಾಜಕ್ಕ. ಕೊಡುವಾಗ ಅವಳ ಮುಖದಲ್ಲಿದ್ದ ಸಂತೋಷ ನೋಡುವಂತಿತ್ತು.

ಆ ಸಂತೋಷ ಭಾನುವಾರ ಬೆಳಗಿನ ಹತ್ತು ಗಂಟೆಯವರೆಗೆ ಬಾಳಿತು. ಲಾಡ್ಜಿನ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಅಂಗಿಯ ಅಂಚಿನ ಒಂದು ಸಾಲನ್ನು ಕೈ ತಡವುತ್ತಲೇ ಬಿಚ್ಚಿ, ಹತ್ತು ನೋಟು ಹಿಡಿದು ಪಟ್ಟಣದಲ್ಲಿ ನೋಟು ಬದಲಿಸುವ ಮೊದಲ ಕಿಟಕಿಗೆ ಹೋದಳು. ಗಡಿಯ ವ್ಯಾಪಾರದಿಂದಾಗಿ ಅಲ್ಲಿನವರಿಗೆ ಇವರ ಭಾಷೆ ಬರುತ್ತಿತ್ತು. ಕಿಟಕಿಯವನು ನೋಟನ್ನು ದೀಪಕ್ಕೆ ಹಿಡಿದ.

"ಇದ್ರಲ್ಲಿ ತೂತಿದೆ."

"ಸೂಜಿ ತೂತು ಕಣಪ್ಪ. ಗಾಳಿಯಾಡ್ಲಿ ಬಿಡು."

"ಒಂದಲ್ಲಮ್ಮ, ಸಾಲಾಗಿದೆ. ತೂತಿರೋ ನೋಟು ನಾವು ತಗೊಳ್ಳಲ್ಲ. ಬೇರೆ ಯಾರೂ ತಗೊಳ್ಳಲ್ಲ."

ಅವನ ಮಾತು ನಿಜವಾಯಿತು. ಎರಡನೆಯವನು ತಲೆಯಾಡಿಸಿದ. ಮೂರನೆಯವನು ಅರ್ಧ ಬೆಲೆ ಕೊಡುತ್ತೇನೆ ಎಂದು ಹಲ್ಲು ಕಿರಿದ.

"ಏನತ್ತಿಗೆ ಇದು, ನೋಟಿಗೇ ಹೊಲಿಗೆ ಹಾಕಿದ್ದೀರಾ?" ಎಂದಳು ನಾದಿನಿ.

"ಜಾರಬಾರದು ಅಂತ ಬೇಕಂತಲೇ ಹಾಕಿದ್ದು. ನಿನಗೇನು ಗೊತ್ತು ಹೊಲಿಗೆ?" ಎಂದು ಕಾಜಕ್ಕ ಗದರಿದಳು.

ಅದು ಶುದ್ಧ ಸುಳ್ಳು. ಅವಳು ಹೊಲಿದದ್ದು ನೋಟಿನ ಸುತ್ತಲೇ, ಅಥವಾ ಹಾಗೆಂದು ತಿಳಿದಿದ್ದಳು. ಬಟ್ಟೆ ಎಲ್ಲಿ ಮುಗಿಯಿತು, ಕಾಗದ ಎಲ್ಲಿ ಶುರುವಾಯಿತು ಎಂಬುದು ಅವಳಿಗೆ ಕಂಡಿರಲಿಲ್ಲ. ಬೆರಳಿನ ರೂಢಿಯನ್ನು ನಂಬಿ ಸೂಜಿ ಓಡಿಸಿದ್ದಳು. ಆ ನೋಟುಗಳು ಈಗ ಅವಳ ಗುಟ್ಟನ್ನು ಕಂಡಕಂಡ ಕಿಟಕಿಯಲ್ಲಿ ಸಾರುತ್ತಿದ್ದವು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಹಾಗೆಂದು ಕೈಕಟ್ಟಿ ಕೂರುವವಳಲ್ಲ. ಹೊಲಿಗೆ ಬಿಚ್ಚಿದ ಬಟ್ಟೆಯಲ್ಲಿ ಉಳಿಯುವ ತೂತಿಗೆ ದರ್ಜಿಗಳ ಹತ್ತಿರ ಮದ್ದಿದೆ: ಸ್ವಲ್ಪ ನೀರು ಚಿಮುಕಿಸು, ಉಗುರಿನಿಂದ ಉಜ್ಜು, ಇಸ್ತ್ರಿ ಎಳೆ, ನೂಲು ಕೂಡಿಕೊಳ್ಳುತ್ತದೆ. ಲಾಡ್ಜಿನವನಿಂದ ಇಸ್ತ್ರಿಪೆಟ್ಟಿಗೆ ಕೇಳಿ ತಂದು, ನೋಟಿಗೆ ನೀರು ಚಿಮುಕಿಸಿ, ಉಜ್ಜಿ, ಎಳೆದೇಬಿಟ್ಟಳು. ಕಾಗದಕ್ಕೆ ಈ ವಿದ್ಯೆ ಗೊತ್ತಿರಲಿಲ್ಲ. ತೂತು ಇದ್ದಲ್ಲೇ ಇತ್ತು. ನೋಟು ಮಾತ್ರ ಅಂಚು ಸುರುಟಿ ಬಿಸಿ ಹಪ್ಪಳದಂತಾಯಿತು. ನಾದಿನಿಗೆ ನಗು ತಡೆಯಲಾಗಲಿಲ್ಲ, ಹಾಸಿಗೆಯ ಮೇಲೆ ಉರುಳಿ ನಕ್ಕಳು. ಕಾಜಕ್ಕ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿ ಎದ್ದಳು.

ಆಗ ಮಧ್ಯಾಹ್ನ ಮೂರು. ನಾಲ್ಕನೆಯ ಕಿಟಕಿ ಬಸ್ ನಿಲ್ದಾಣದ ಎದುರಿಗಿತ್ತು. ಇವರ ಮುಂದೆ ಒಬ್ಬ ಹೆಂಗಸು ನಿಂತಿದ್ದಳು, ಇವರ ದೇಶದವಳೇ, ಊರಿಗೆ ಹಿಂತಿರುಗುತ್ತಿದ್ದಳು. ಕೈಯಲ್ಲಿ ಉಳಿದಿದ್ದ ಇಲ್ಲಿನ ಹಣ ಕೊಟ್ಟು ತನ್ನ ದೇಶದ ನೋಟು ಕೇಳಿದಳು. ಕಿಟಕಿಯವನು ಎಣಿಸಿ ಕೊಟ್ಟ ನೋಟೊಂದರ ಮೂಲೆ ಹರಿದಿತ್ತು, ಇನ್ನೊಂದರ ಮೇಲೆ ಯಾರದೋ ಫೋನ್ ನಂಬರಿತ್ತು. ಅವಳು ಅದನ್ನು ನೋಡಿಯೂ ಪರ್ಸಿಗೆ ಹಾಕಿಕೊಂಡಳು. ದರ ಕಡಿಮೆಯಾಯಿತೆಂದು ಮಾತ್ರ ಗೊಣಗಿದಳು.

"ಅವರಿಗೆ ಹರಿದಿದ್ದು ಕೊಡ್ತೀಯ, ನನ್ನ ಹತ್ರ ತೂತಿದ್ರೆ ಬೇಡ್ವಾ?" ಎಂದು ಕಾಜಕ್ಕ ಕಿಟಕಿಗೆ ಮುಖವಿಟ್ಟಳು.

"ಕೊಡೋ ನೋಟು ಬೇರೆ, ತಗೊಳ್ಳೋ ನೋಟು ಬೇರೆ ಅಮ್ಮ," ಎಂದ ಅವನು, ಒಂದಿಷ್ಟೂ ನಾಚದೆ.

ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ತೂತಿನ ನೋಟು ಬೇಡವಾದದ್ದು ಇಲ್ಲಿ. ಊರಿನಲ್ಲಿ ಆ ತೂತನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಹಾಗಾದರೆ ಊರಿಗೆ ಹೊರಟವರಿಗೆ ಕೊಟ್ಟರಾಯಿತಲ್ಲ! ನಾಲ್ಕು ಗಂಟೆಗೆ ಊರಿನ ಬಸ್ಸು. ಬಸ್ಸಿನ ತುಂಬ ಜನ, ಎಲ್ಲರ ಜೇಬಿನಲ್ಲೂ ಖರ್ಚಾಗದೆ ಉಳಿದ ಇಲ್ಲಿನ ಹಣ. ಕಿಟಕಿಯ ಮೇಲಿನ ಹಲಗೆಯಲ್ಲಿ ಕೊಳ್ಳುವ ದರ ಒಂದು, ಮಾರುವ ದರ ಇನ್ನೊಂದು ಬರೆದಿತ್ತು. ನಡುವಿನ ದರ ಹಿಡಿದರೆ ಅವರಿಗೂ ಲಾಭ, ಇವಳಿಗೂ ನಷ್ಟವಿಲ್ಲ.

"ನಡಿಯೇ," ಎಂದು ನಾದಿನಿಯ ಕೈ ಹಿಡಿದು ರಸ್ತೆ ದಾಟಿಸಿದಳು.

ಬಸ್ಸಿನ ಪಕ್ಕದ ಕಲ್ಲುಬೆಂಚಿನ ಮೇಲೆ ನಿಂತು ಅವಳು ಕೂಗಿದ್ದನ್ನು ಚಾಲಕ ಇವತ್ತಿಗೂ ಹೇಳಿಕೊಂಡು ನಗುತ್ತಾನೆ. "ಊರಿಗೆ ಹೋಗೋರೆಲ್ಲ ಕೇಳ್ರಪ್ಪಾ! ನನ್ನ ನೋಟಲ್ಲಿ ಸೂಜಿ ತೂತಿದೆ, ಸುಳ್ಳು ಹೇಳಲ್ಲ. ಊರಲ್ಲಿ ನಡೆಯುತ್ತೆ, ಇಲ್ಲಿ ನಡೆಯಲ್ಲ. ಕಿಟಕಿಯವನಿಗಿಂತ ಒಳ್ಳೆ ದರ ಕೊಡ್ತೀನಿ. ಬೇಕಾದೋರು ಬನ್ನಿ!"

ಮೊದಲು ಯಾರೂ ಅಲುಗಲಿಲ್ಲ. ಕಡೆಗೆ ಚಾಲಕನೇ ಕೆಳಗಿಳಿದು ಒಂದು ನೋಟು ತಿರುಗಿಸಿ ನೋಡಿದ. "ಪೆಟ್ರೋಲ್ ಬಂಕಿನವನು ಇದನ್ನ ದೀಪಕ್ಕೆ ಹಿಡಿತಾನಾ? ನನಗೆ ಎಂಟು ಕೊಡಕ್ಕ," ಎಂದ. ಅವನು ತೆಗೆದುಕೊಂಡದ್ದು ಕಂಡು ಉಳಿದವರೂ ಇಳಿದರು. ಆ ಸುರುಟಿದ ನೋಟನ್ನೂ ಒಬ್ಬ ನಗುತ್ತ ತೆಗೆದುಕೊಂಡ. ಹತ್ತು ನಿಮಿಷದಲ್ಲಿ ಕೈಯಲ್ಲಿದ್ದ ಹತ್ತೂ ಮುಗಿದವು. ಉಳಿದ ನಲವತ್ತು ಇನ್ನೂ ಅಂಗಿಯಲ್ಲೇ ಇದ್ದವು.

ಕಾಜಕ್ಕ ಕೂತು ಚೀಲದಿಂದ ಅಂಗಿ ತೆಗೆದು ತೊಡೆಯ ಮೇಲೆ ಹರಡಿದಳು. ಬೂದು ಬಟ್ಟೆ, ಬೂದು ನೂಲು. ಹೊಲಿಗೆ ಎಲ್ಲಿದೆ? ಬೆರಳಾಡಿಸಿದಳು. ಅಂಚಿನ ಸಾಲು ಸುಲಭವಾಗಿ ಸಿಕ್ಕಿತ್ತು, ಒಳಗಿನವು ಸಿಗಲಿಲ್ಲ. ಕತ್ತರಿ ಸುಮ್ಮನೆ ಆಡಿಸಿದರೆ ನೋಟೂ ತುಂಡಾಗುತ್ತದೆ. ಜನ ಕೈಚಾಚಿ ನಿಂತಿದ್ದರು, ಚಾಲಕ ಗಡಿಯಾರ ನೋಡಿಕೊಂಡ.

"ಬೇಗ ಬಿಚ್ಚಿ ಅತ್ತಿಗೆ. ಇನ್ನು ಹದಿನೈದು ನಿಮಿಷ."

ಕಾಜಕ್ಕ ಕತ್ತರಿಯನ್ನು ನಾದಿನಿಯ ಕೈಗಿಟ್ಟಳು. "ನೀನೇ ಬಿಚ್ಚೇ. ನನಗೆ ಕಾಣ್ತಿಲ್ಲ."

"ಕನ್ನಡಕ ಹಾಕಿದ್ದೀರಲ್ಲ ಅತ್ತಿಗೆ?"

"ಹಾಕಿದ್ರೂ ಕಾಣಲ್ಲ. ಎಂಟು ತಿಂಗಳಾಯ್ತು. ತೂತು ಬಿದ್ದಿದ್ದೂ ಅದಕ್ಕೇ."

ನಾದಿನಿ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. ಲಾಡ್ಜಿನಲ್ಲಿ ಹಾಸಿಗೆಯ ಮೇಲೆ ಉರುಳಿ ನಕ್ಕದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಬೆಂಚಿನ ಮೇಲೆ ಕೂತು, ತಲೆ ತಗ್ಗಿಸಿ, ಒಂದೊಂದೇ ಹೊಲಿಗೆ ಕತ್ತರಿಸತೊಡಗಿದಳು. ಅವಳು ಬಿಡಿಸಿಕೊಟ್ಟ ಹಾಗೆ ಕಾಜಕ್ಕ ಹಂಚಿದಳು. ಬಸ್ಸು ಏಳು ನಿಮಿಷ ತಡವಾಗಿ ಹೊರಟಿತು, ಒಬ್ಬರೂ ತಕರಾರು ಮಾಡಲಿಲ್ಲ. ಕೊನೆಯ ನೋಟು ಬಸ್ಸಿನ ಕಿಟಕಿಯೊಳಗೆ ಹೋಯಿತು, ಅಲ್ಲಿಂದ ಒಂದು ಹಿಡಿ ಚಿಲ್ಲರೆ ಹೊರಗೆ ಬಂತು.

ಮುದುಕ ದರ್ಜಿಯ ಅಂಗಡಿ ಎರಡು ಬೀದಿಗಳಾಚೆ ಇತ್ತು. ಸಣ್ಣ ನೋಟು, ನಾಣ್ಯ, ಎಲ್ಲ ತುಂಬಿ ಭಾರವಾದ ಚೀಲವನ್ನು ಇಬ್ಬರೂ ಆಚೆಈಚೆ ಹಿಡಿದು ನಾಲ್ಕೂವರೆಗೆ ಅಲ್ಲಿ ತಲುಪಿದರು. ಕಪಾಟುಗಳು ಬರಿದಾಗಿದ್ದವು, ಯಂತ್ರ ಕೋಣೆಯ ನಡುವೆ ಒಂಟಿಯಾಗಿ ನಿಂತಿತ್ತು. ಮುದುಕ ಹಣ ಎಣಿಸುವಷ್ಟೂ ಹೊತ್ತು ಕಾಜಕ್ಕ ಯಂತ್ರದ ಮೇಲಿನ ಕೈ ತೆಗೆಯಲಿಲ್ಲ. ಎಣಿಸಿ ಮುಗಿಸಿ ಅವನು ಒಂದು ತುಂಡು ಬಟ್ಟೆ ಇಟ್ಟು ಪೆಡಲು ಒತ್ತಿದ. ಅವಳು ಹತ್ತು ಎಣಿಸುವುದರೊಳಗೆ ಕಾಜಾ ಸಿದ್ಧ. ಅವಳು ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿದಳು.

"ನನ್ನಷ್ಟು ಚೆನ್ನಾಗಿ ಹಾಕಲ್ಲ," ಎಂದಳು. "ಆದ್ರೂ ಪರವಾಗಿಲ್ಲ."

ಲಾಡ್ಜಿಗೆ ಬಂದ ಮೇಲೆ ಅಲ್ಲಿನ ವೈಫೈ ಹಿಡಿದು ನಾದಿನಿ ಅಣ್ಣನಿಗೆ ಕರೆ ಮಾಡಿದಳು. ಫೋನನ್ನು ಅತ್ತಿಗೆಯ ಕೈಗೆ ಕೊಡುವಾಗ ಮೆಲ್ಲಗೆ, "ನೀವೇ ಹೇಳ್ತೀರೋ, ನಾನು ಹೇಳ್ಲೋ?" ಎಂದಳು.

"ರೀ, ಮಿಷಿನ್ ಸಿಕ್ತು," ಎಂದಳು ಕಾಜಕ್ಕ. "ಇನ್ನೊಂದು ವಿಷಯ. ಬೈಬಾರದು. ನನಗೆ ಕೆಲವು ತಿಂಗಳಿಂದ ಕಣ್ಣು..."

"ಗೊತ್ತು ಕಣೇ."

"ಏನು ಗೊತ್ತು?"

"ಬೇಸಗೆಯಿಂದ ದಿನಾ ಬೆಳಗ್ಗೆ ನಿನ್ನ ಡಬ್ಬೀಲಿ ಹತ್ತು ಹನ್ನೆರಡು ಸೂಜಿಗೆ ನೂಲು ಪೋಣಿಸಿರ್ತಿತ್ತಲ್ಲ, ಇಲಿ ಬಂದು ಪೋಣಿಸ್ತಿತ್ತಾ?"

ಅಂಗಡಿಗೆ ಕೆಲಸ ಕಲಿಯಲು ಬರುವ ಹುಡುಗಿ ಹಿಂದಿನ ಸಂಜೆ ಪೋಣಿಸಿಟ್ಟು ಹೋಗುತ್ತಾಳೆ ಎಂದೇ ಅವಳು ತಿಳಿದಿದ್ದಳು. ಕೇಳಿದರೆ ಗುಟ್ಟು ರಟ್ಟಾದೀತೆಂದು ಕೇಳಿಯೂ ಇರಲಿಲ್ಲ. ಭೂತಗನ್ನಡಿ ಸಿಕ್ಕಿಸಿಕೊಂಡ ಆ ಮನುಷ್ಯ ಎಲ್ಲ ತಿಳಿದೂ ಒಂದು ದಿನವೂ ಅಂಗಡಿ ಮುಚ್ಚು ಎಂದಿರಲಿಲ್ಲ. ಕಾಜಕ್ಕನ ಕಣ್ಣು ತುಂಬಿ ಬಂತು, ಕೋಣೆಯಲ್ಲಿದ್ದುದೆಲ್ಲ ಇನ್ನಷ್ಟು ಮಂಜಾಯಿತು.

"ಅಲ್ಲ, ಅಷ್ಟು ದಪ್ಪ ನೂಲು ಯಾಕ್ರೀ ಪೋಣಿಸ್ತಿದ್ರಿ?" ಎಂದು ಅವಳು ಅಳುತ್ತಲೇ ಜೋರು ಮಾಡಿದಳು. "ಕಾಜಾಕ್ಕೆ ಸಣ್ಣ ನೂಲು ಬೇಕು ಅಂತ ಇಷ್ಟು ವರ್ಷದಲ್ಲಿ ಗೊತ್ತಾಗ್ಲಿಲ್ವಾ ನಿಮಗೆ?"