ಗಿರಿಜಮ್ಮನಿಗೆ ಆರಿಸಿಕೊಟ್ಟ ಕೋವಿ

ಕೊಪ್ಪದ ನನ್ನ ಕೋವಿ ಅಂಗಡಿಗೆ ಬಾಗಿಲು ಹಾಕುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಮಾರಾಟ, ರಿಪೇರಿ ಎರಡಕ್ಕೂ ನನಗೆ ಲೈಸೆನ್ಸ್ ಇತ್ತು. ಬರುತ್ತಿದ್ದವುಗಳಲ್ಲಿ ಹೆಚ್ಚಿನವು ಎಂ.ಎಲ್. ಕೋವಿಗಳು, ಅಂದರೆ ನಳಿಗೆಯ ಬಾಯಿಯಿಂದಲೇ ಮದ್ದು ತುಂಬಿ, ಹಿಂಬದಿಯಲ್ಲಿ ಸಣ್ಣ ಕೇಪು ಇಟ್ಟು ಹೊಡೆಯುವ ಹಳೇ ಮಾದರಿಯವು. ಅಗ್ಗವೆಂದು ಬೆಳೆ ಕಾಯುವವರು ಇವತ್ತಿಗೂ ಅದನ್ನೇ ಕೇಳುತ್ತಾರೆ.

ಭತ್ತ ತೆನೆ ಕಟ್ಟುವ ದಿನಗಳಲ್ಲಿ ಶೆಟ್ಟಿಕೊಪ್ಪ ಕಡೆಯಿಂದ ಗಿರಿಜಮ್ಮ ಬಂದರು. ಕಂಡವರ ತೋಟದಲ್ಲಿ ಕೂಲಿ ಮಾಡಿಕೊಂಡೇ ಸ್ವಂತದ ಅರ್ಧ ಎಕರೆ ಗದ್ದೆ ಉಳಿಸಿಕೊಂಡಿದ್ದವರು. ಹಿಂದಿನ ವರ್ಷ ಕಾಡುಹಂದಿಗಳು ಅರ್ಧ ಬೆಳೆಯನ್ನು ಉರುಳಾಡಿ ಹಾಳು ಮಾಡಿದ್ದವು. ಕಚೇರಿ ಅಲೆದು ಅಲೆದು, ತೀರಿಹೋದ ಗಂಡನ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಗಂಡನ ಕೋವಿ ತುಕ್ಕು ತಿಂದು ಕೆಲಸಕ್ಕೆ ಬಾರದಾಗಿತ್ತು.

ಜೊತೆಯಲ್ಲಿ ಗಂಡನ ಅಣ್ಣ ತಿಮ್ಮಪ್ಪನವರಿದ್ದರು. ತಾವು ತೋಟಾ, ಅಂದರೆ ಕಾರ್ಟ್ರಿಜ್ ಹಾಕುವ ಹೊಸ ಕೋವಿ ಕೊಂಡಿದ್ದರಿಂದ ಹಳೆಯದನ್ನು ಕಡಿಮೆ ಬೆಲೆಗೆ ಆಕೆಗೆ ಕೊಡಲು ಹೊರಟಿದ್ದರು. ಕೋವಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕುವ ಮೊದಲು ನನಗೊಮ್ಮೆ ತೋರಿಸಬೇಕೆಂದು ಹಠ ಮಾಡಿದವರು ಗಿರಿಜಮ್ಮ.

"ಮರ ನೋಡಿ, ನಳಿಗೆ ನೋಡಿ. ಹೊಸತರ ಹಂಗೆ ಇಟ್ಕಂಡಿದೀನಿ ಮಾರಾಯ್ರೆ" ಎಂದರು ತಿಮ್ಮಪ್ಪ.

ನಿಜಕ್ಕೂ ಚಂದವಾಗಿತ್ತು. ನಾನು ನಳಿಗೆಯನ್ನು ಬಿಚ್ಚಿ, ದಾರದಲ್ಲಿ ತೂಗುಬಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಒಳ್ಳೆಯ ನಳಿಗೆ ಗಂಟೆಯಂತೆ ನಾದ ಕೊಡಬೇಕು. ಇದು ಒಡೆದ ಮಡಕೆಯಂತೆ ಸದ್ದು ಮಾಡಿತು. ಕೇಪು ಕೂರುವ ಜಾಗದ ಪಕ್ಕ ಬಣ್ಣ ಕೆರೆದೆ. ಒಂದು ಬಿರುಕು, ಅದರ ಮೇಲೆ ಹಿತ್ತಾಳೆಯ ಬೆಸುಗೆ.

ಆ ಬೆಸುಗೆ ನನ್ನದೇ. ಅಂಗಡಿ ತೆರೆದ ಹೊಸತರಲ್ಲಿ ಭಂಡಿಗಡಿ ಕಡೆಯ ಹಿರಿಯರೊಬ್ಬರು, ಅಜ್ಜನ ಕಾಲದ್ದು, ಆಯುಧಪೂಜೆಗೆ ಇಟ್ಟರೆ ಸಾಕು ಎಂದು ಕೇಳಿಕೊಂಡಿದ್ದಕ್ಕೆ ಹಾಕಿಕೊಟ್ಟಿದ್ದೆ. ಮದ್ದು ತುಂಬಬೇಡಿ, ನಳಿಗೆ ಸಿಡಿದೀತು ಎಂದೂ ಹೇಳಿದ್ದೆ. ಅವರು ತೀರಿಕೊಂಡ ಮೇಲೆ ಕೋವಿ ಕೈಯಿಂದ ಕೈಗೆ ದಾಟಿ ಇಲ್ಲಿಗೆ ಬಂದಿತ್ತು. ಬಿರುಕಿದೆ ಎಂದಷ್ಟೇ ಹೇಳಿ ಸುಮ್ಮನಿದ್ದಿದ್ದರೆ ಬೆಸುಗೆ ಯಾರದೆಂದು ಅವರಿಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಮಾಡೋಣ ಅನ್ನಿಸಿದ್ದೂ ಉಂಟು. ಕೊನೆಗೆ ಎಲ್ಲವನ್ನೂ ಹೇಳಿದೆ.

ತಿಮ್ಮಪ್ಪ ಬೆಂಚಿನ ಮೇಲೆ ಕುಳಿತರು. "ಏಳು ವರ್ಷ ಇದಕ್ಕೇ ಕೆನ್ನೆ ಆನಿಸಿ ಹೊಡ್ದಿದೀನಿ" ಎಂದರು. ಆಮೇಲೆ ತಮ್ಮನ ಹೆಂಡತಿಯ ಮುಖ ನೋಡಿ, "ನಂಗೆ ಗೊತ್ತಿರಲಿಲ್ಲ ಗಿರಿಜಾ" ಎಂದರು.

"ನಿಮಗೆ ಗೊತ್ತಿದ್ರೆ ನೀವೇ ಹೊಡೀತಿದ್ರಾ ಭಾವ?" ಎಂದು ಆಕೆ ಸಮಾಧಾನ ಮಾಡಿದರು. ಆದರೆ ನನ್ನ ಕಡೆ ತಿರುಗಿ, "ನೀವು ಅವತ್ತೇ ಆಗಲ್ಲ ಅನ್ಬೇಕಿತ್ತು" ಎಂದರು. ನಾನು ಆ ನಳಿಗೆಯನ್ನು ಬದಿಗಿಟ್ಟೆ.

ಆಮೇಲೆ ಗಿರಿಜಮ್ಮನೇ ಮುಂದುವರಿದು, "ಹಂಗಾರೆ ಈಗ ನೀವೇ ಒಂದು ಆರಿಸಿ ಕೊಡಿ. ಚಂದ ಇಲ್ದಿದ್ರೂ ಅಡ್ಡಿಲ್ಲ" ಎಂದರು.

ಅಂಗಡಿಯಲ್ಲಿದ್ದ ಮೂರರಲ್ಲಿ ಎರಡು ಅವರ ಕೈಗೆ ಭಾರವಾದವು. ಮೂರನೆಯದರ ಹಲಸಿನ ಹಿಡಿ ಕಲೆಗಟ್ಟಿ ವಿಕಾರವಾಗಿತ್ತು. ಆದರೆ ನಳಿಗೆಯ ಗೋಡೆ ದಪ್ಪ, ತಟ್ಟಿದರೆ ಸ್ವಚ್ಛ ನಾದ. ಹಿಡಿ ಅವರ ತೋಳಿಗೆ ಉದ್ದವಾಗಿದ್ದರಿಂದ ಎರಡು ಬೆರಳಷ್ಟು ಕತ್ತರಿಸಿ, ಉಜ್ಜಿ, ಮತ್ತೆ ಹೆಗಲಿಗೆ ಇಡಿಸಿ ನೋಡಿದೆ. ನಾನು ಕೊಂಡ ಬೆಲೆಗೇ ಕೊಟ್ಟೆ. ಬಿರುಕಿನ ಕೋವಿಯನ್ನು ತಿಮ್ಮಪ್ಪನವರೇ ನಾಶಪಡಿಸಲು ಬರೆದುಕೊಟ್ಟು ಠಾಣೆಗೆ ಒಪ್ಪಿಸಿದರು.

ಕೊಯ್ಲು ಮುಗಿದ ಮೇಲೆ ಗಿರಿಜಮ್ಮ ಹೊಸ ಅಕ್ಕಿ ಹಿಡಿದು ಬಂದರು. ಎರಡೇ ಸಲ ಆಕಾಶಕ್ಕೆ ಹೊಡೆದದ್ದಂತೆ, ಹಂದಿಗಳು ಮತ್ತೆ ಇತ್ತ ತಲೆಹಾಕಲಿಲ್ಲವಂತೆ.

ಬಾಯಿಮಾತಿನ ಎಚ್ಚರಿಕೆ ಅದನ್ನು ಕೇಳಿಸಿಕೊಂಡವನ ಜೊತೆಗೇ ಮುಗಿದುಹೋಗುತ್ತದೆ, ಕೋವಿ ಮಾತ್ರ ಮುಂದಿನವನ ಕೈಗೆ ಹೋಗುತ್ತದೆ. ಇದು ಅರ್ಥವಾಗಲು ನನಗೆ ಇಡೀ ವೃತ್ತಿಜೀವನವೇ ಬೇಕಾಯಿತು. ಉಳಿದ ಎರಡು ವರ್ಷಗಳಲ್ಲಿ ಬಿರುಕುಬಿಟ್ಟ ಒಂದು ನಳಿಗೆಯನ್ನೂ ನಾನು ಬೆಸೆಯಲಿಲ್ಲ. ಕೆಲವರು ಜಗಳವಾಡಿ ಹೋದರು. ಹೋಗಲಿ ಎಂದು ಬಿಟ್ಟೆ.